ಹೇಳಿಕೆ ಪಡೆಯುವಾಗ ನಾನು ಮೊದಲು ಗಂಟೆ ಕೇಳುವುದಿಲ್ಲ

ಗದಗ ಜಿಲ್ಲೆಯಲ್ಲಿ ನಾನು ಸಬ್ ಇನ್‌ಸ್ಪೆಕ್ಟರ್. ಹೊಡೆತ ತಿಂದವರು, ದೌರ್ಜನ್ಯಕ್ಕೆ ಸಿಕ್ಕವರು, ಕಣ್ಣೆದುರೇ ಸಾವು ಕಂಡವರು, ಇಂಥವರ ಹೇಳಿಕೆ ಪಡೆಯುವ ಕೆಲಸ ನನಗೆ ಜಾಸ್ತಿ ಬರುತ್ತದೆ.

ಸಾಕ್ಷಿ ಹೇಳಲು ಬಾ ಎಂದು ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವಂತಿಲ್ಲ, ನಾವೇ ಮನೆಗೆ ಹೋಗಬೇಕು. ಬಿಎನ್‌ಎಸ್‌ಎಸ್, ಅಂದರೆ ತನಿಖೆ-ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹಾಗೆ ಹೇಳುತ್ತದೆ. ಆದರೆ ಹಳ್ಳಿಯಲ್ಲಿ ಜೀಪು ನಿಂತರೆ ಓಣಿ ತುಂಬ ಜನ. ಅದಕ್ಕೆ ಜೀಪನ್ನು ದೂರ ಬಿಟ್ಟು, ಮಫ್ತಿಯಲ್ಲಿ ನಡೆದು ಹೋಗುತ್ತೇನೆ. ಅತ್ಯಾಚಾರದ ಕೇಸಿನಲ್ಲಿ ಜಾಗ ಆರಿಸುವುದು ಆಕೆಗೇ ಬಿಟ್ಟದ್ದು. ತವರುಮನೆ ಎಂದರೆ ತವರುಮನೆಗೇ ಹೋಗುತ್ತೇನೆ.

ಮನೆಗೆ ನುಗ್ಗಿ ಹೊಡೆದಿದ್ದ ಒಂದು ಪ್ರಕರಣ. ಎಷ್ಟು ಗಂಟೆಗೆ, ಎಷ್ಟು ಜನ ಎಂದು ಮನೆಯವರೆಲ್ಲ ಕೇಳಿ ಕೇಳಿ ಆ ಹೆಣ್ಣುಮಗಳು ಬಾಯಿ ಮುಚ್ಚಿಬಿಟ್ಟಿದ್ದಳು. ನಾನು ಇಷ್ಟೇ ಅಂದೆ: "ಎಲ್ಲಿಂದ ಹೇಳಾಕ ಆಗತೈತೋ ಅಲ್ಲಿಂದ ಹೇಳ್ರಿ ಅಕ್ಕಾರ. ಅವಸರ ಇಲ್ಲ." ತುಂಬ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ನೆ ಕೂತೆ. ಆಮೇಲೆ ಬಾಗಿಲ ಚಿಲಕ ಅಲುಗಾಡಿದ ಸಪ್ಪಳದಿಂದ ಶುರು ಮಾಡಿದಳು. ಬೀಡಿ ವಾಸನೆ ನೆನಪಿತ್ತು, ಮುಖ ನೆನಪಿರಲಿಲ್ಲ. ಗಂಟೆಯೂ ಗೊತ್ತಿರಲಿಲ್ಲ. ಆದರೆ "ಗಿರಣಿ ಸಪ್ಪಳ ಆಗಷ್ಟ ನಿಂತಿತ್ತು ಬಾಯಾರ" ಅಂದಳು. ಗಿರಣಿಯವರನ್ನು ಕೇಳಿದೆವು, ಹೊತ್ತು ಸಿಕ್ಕಿತು.

ಜೀವಭಯದಲ್ಲಿ ಮನಸ್ಸು ಒಂದೆರಡನ್ನೇ ಗಟ್ಟಿಯಾಗಿ ಹಿಡಿಯುತ್ತದೆ, ಉಳಿದದ್ದು ಚೆದುರುತ್ತದೆ. ಹಿಂದುಮುಂದಾಗಿ ಹೇಳಿದರೆ ಸುಳ್ಳು ಎಂದಲ್ಲ.

"ಯಾಕ ಕೂಗಲಿಲ್ಲ?" ಎಂಬ ಪ್ರಶ್ನೆಯನ್ನು ನನ್ನ ಜೊತೆಗಿದ್ದವರಿಗೂ ಕೇಳಗೊಡುವುದಿಲ್ಲ. ಭಯಕ್ಕೆ ಮೈ ಮರಗಟ್ಟುತ್ತದೆ, ದನಿಯೇ ಹೊರಡುವುದಿಲ್ಲ. ಕೂಗದ್ದು ತನ್ನದೇ ತಪ್ಪು ಎಂದು ಆಕೆ ಮೊದಲೇ ಕೊರಗುತ್ತಿರುತ್ತಾಳೆ, ಅಲ್ವಾ? "ಆವಾಗ ನಿಮಗ ಏನೇನಾತು?" ಎಂದರೆ ಅದೇ ಉತ್ತರ ನೋವಿಲ್ಲದೆ ಬರುತ್ತದೆ.

ಬರೆಯುವಾಗ ಆಕೆಯ ಮಾತೇ ಇರಬೇಕು. ನೆನಪಿಲ್ಲ ಎಂದದ್ದನ್ನು ನೆನಪಿಲ್ಲ ಎಂದೇ ಬರೆಸುತ್ತೇನೆ. ಹೇಳಿಕೆ ಬರೆದುಕೊಳ್ಳುವ ಠಾಣೆಯ ರೈಟರ್ ತನಗೆ ತಿಳಿದಂತೆ ತುಂಬಿಸಿದ ಒಂದು ಸಾಲನ್ನು ಹಿಡಿದೇ ವಕೀಲರು ಪಾಟೀಸವಾಲಿನಲ್ಲಿ ಆಕೆಯನ್ನು ಸುಳ್ಳುಗಾರ್ತಿ ಮಾಡಬಹುದು. ನಾಲ್ಕು ದಿನ ನಿದ್ದೆಯಾದ ಮೇಲೆ ಇನ್ನಷ್ಟು ನೆನಪಾದರೆ ಪುರವಣಿ ಹೇಳಿಕೆ ಪಡೆಯಬಹುದು. ಬರೆದದ್ದನ್ನು ಓದಿ ಹೇಳುತ್ತೇನೆ. ಅದಕ್ಕೆ ಸಹಿ ಹಾಕಿಸುವಂತಿಲ್ಲ.

ಅತ್ಯಾಚಾರದ ಕೇಸಾದರೆ ಅದೇ ಸಂಹಿತೆಯ 183ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಇದನ್ನೆಲ್ಲ ಮತ್ತೆ ಹೇಳಬೇಕಾಗುತ್ತದೆ. ಅದನ್ನು ಹೊರಡುವ ಮೊದಲೇ ತಿಳಿಸುತ್ತೇನೆ. ಜೊತೆಗೆ ಯಾರು ಬರಬೇಕು ಎಂದು ಕೇಳಿ, ಅವರ ಹತ್ತಿರವೂ ಮಾತಾಡಿಯೇ ಬರುತ್ತೇನೆ.