ಆಟೋಕ್ರಾಸ್ ಕಾರಿಗೆ ಗುಜರಿ ಎಂಜಿನ್ ಆರಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹಳೆಯ ಮಾರುತಿ ಎಸ್ಟೀಮ್ ಒಂದು ಅಡಿಕೆ ಮೂಟೆಗಳ ಪಕ್ಕ ನಿಂತಿರುವುದು ಅಪರೂಪವೇನಲ್ಲ. ಅದನ್ನು ಆಟೋಕ್ರಾಸಿಗೆ, ಅಂದರೆ ಮಣ್ಣಿನ ಮೈದಾನದ ಕಾರ್ ಓಟಕ್ಕೆ, ಸಜ್ಜು ಮಾಡಬೇಕೆಂದು ಹೊರಟ ಹುಡುಗರು ಮೊದಲು ಕೇಳುವುದು, ಯಾವ ಎಂಜಿನ್ ಹಾಕಿದರೆ ಹೆಚ್ಚು ಬಿಎಚ್‌ಪಿ (ಎಂಜಿನ್ನಿನ ಶಕ್ತಿಯ ಅಳತೆ) ಸಿಗುತ್ತದೆ ಎಂದು. ನಾನೂ ಅಲ್ಲಿಂದಲೇ ಶುರು ಮಾಡಿದವನು. ಈಗ ನಾನು ಮೊದಲು ವಿಚಾರಿಸುವುದು ಬೇರೆ: ಆ ಎಂಜಿನ್ನಿನ ಪಿಸ್ಟನ್, ರಿಂಗ್, ಬೇರಿಂಗ್ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಒಂದೇ ದಿನದಲ್ಲಿ ಕೈಗೆ ಸಿಗುತ್ತವೆಯೇ?

ಕೈಹಾಕುವ ಮೊದಲು ಕಾನೂನು ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಹಾಗಾಗಿ ಇಲ್ಲಿ ಹೇಳುತ್ತಿರುವುದು ಪಿಕಪ್ಪಿನಲ್ಲಿ ಹೇರಿಕೊಂಡು ಮೈದಾನಕ್ಕೆ ಒಯ್ಯುವ ಕಾರಿನ ಮಾತು. ರಸ್ತೆಯಲ್ಲಿ ಮಂಗಳೂರಿನ ಪಂಪ್‌ವೆಲ್‌ವರೆಗೆ ಓಡಿಸಿಕೊಂಡು ಹೋಗುವ ಕಾರಿನದ್ದಲ್ಲ.

ಎರಡನೆಯದು, ಸ್ಪರ್ಧೆಯ ನಿಯಮ ಓದಿ. ವರ್ಗಗಳು ನಿಂತಿರುವುದೇ ಸಿಸಿ (ಎಂಜಿನ್ನಿನ ಗಾತ್ರ) ಲೆಕ್ಕದ ಮೇಲೆ. ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮದಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ. ಪೋಲೊ ಜಿಟಿಯ 1197 ಸಿಸಿ ಟರ್ಬೊ ಆ ಲೆಕ್ಕದಲ್ಲಿ 2000 ದಾಟುತ್ತದೆ. ನಿಮ್ಮ ಸ್ಪರ್ಧೆಯಲ್ಲೂ ಇದೇ ಗುಣಾಕಾರ ಇದ್ದರೆ, ಕಷ್ಟಪಟ್ಟು ಕೂರಿಸಿದ ಟರ್ಬೊ ನಿಮ್ಮನ್ನು ದೊಡ್ಡ ಎಂಜಿನ್ನಿನವರ ನಡುವೆ ನಿಲ್ಲಿಸುತ್ತದೆ.

ಇನ್ನು ಎಂಜಿನ್. ಎಸ್ಟೀಮಿನ 1298 ಸಿಸಿ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್ 85 ಬಿಎಚ್‌ಪಿಯದ್ದು. ಮೊದಲ ತಲೆಮಾರಿನ ಸ್ವಿಫ್ಟ್ ಪೆಟ್ರೋಲಿನಲ್ಲೂ ಸುಜುಕಿಯ ಇದೇ ಜಿ ಕುಟುಂಬದ 1.3 ಲೀಟರ್ ಎಂಜಿನ್ ಇತ್ತು. ಹಳೆಯ ಬಲೆನೊ ಸೆಡಾನಿನ 1590 ಸಿಸಿ ಕೂಡ ಅದೇ ಕುಟುಂಬ, 94 ಬಿಎಚ್‌ಪಿ. ಹಳೆಯ ಹೋಂಡಾ ಸಿಟಿ ವಿಟೆಕ್ 106. ಕಾಗದದಲ್ಲಿ ನೋಡಿದರೆ ಹೋಂಡಾವೇ ಗೆದ್ದಂತೆ.

ನಾನು ಕೊಂಡದ್ದೂ ಅದನ್ನೇ, ಗುಜರಿಯಿಂದ, ಬಹಳ ಅಗ್ಗಕ್ಕೆ. ಮನೆಗೆ ತಂದು ನೋಡಿದರೆ ವೈರಿಂಗನ್ನು ಕನೆಕ್ಟರಿನಿಂದ ಒಂದು ಗೇಣು ಬಿಟ್ಟು ಕತ್ತರಿಸಿದ್ದಾರೆ. ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇಲ್ಲ, ಗೇರ್‌ಬಾಕ್ಸ್ ಇಲ್ಲ. ಆ ಕಾಲದ ಹೋಂಡಾ ಎಂಜಿನ್ ಬೇರೆಯವುಗಳ ಎದುರು ದಿಕ್ಕಿಗೆ ತಿರುಗುತ್ತದೆ, ಮಾರುತಿಯ ಗೇರ್‌ಬಾಕ್ಸಿಗೆ ಕೂರಿಸುವ ಪ್ರಶ್ನೆಯೇ ಇಲ್ಲ. ಗೇರ್‌ಬಾಕ್ಸ್ ಹುಡುಕಿ, ಮೌಂಟಿಂಗ್ ಮಾಡಿಸಿ, ಆಕ್ಸಲ್ ಹೊಂದಿಸುವಷ್ಟರಲ್ಲಿ ಎಂಜಿನ್ನಿಗೆ ಕೊಟ್ಟದ್ದರ ಹಲವು ಪಟ್ಟು ಖರ್ಚಾಗಿತ್ತು. ಅಂದಿನಿಂದ ನನ್ನ ನಿಯಮ: ಎಂಜಿನ್, ಗೇರ್‌ಬಾಕ್ಸ್, ಇಸಿಎಂ, ಕತ್ತರಿಸದ ವೈರಿಂಗ್ ನಾಲ್ಕೂ ಒಂದೇ ಗಾಡಿಯದ್ದಾಗಿರಬೇಕು. ಇಲ್ಲವಾದರೆ ಬೆಲೆ ಕೇಳುವುದೇ ಬೇಡ.

ಹಾಗಾದರೆ ಬಲೆನೊದ 1.6? ಎಸ್ಟೀಮಿಗೆ ಹೊಂದಿಸುವ ಕೆಲಸ ಕಡಿಮೆ, ಎಳೆತ ಚೆನ್ನಾಗಿದೆ. ಆದರೆ ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, 90 ಮಿ.ಮೀ., 1.3ರದ್ದು 75.5. ಎರಡನ್ನೂ 7000 ಆರ್‌ಪಿಎಂಗೆ ಏರಿಸಿದರೆ ಪಿಸ್ಟನ್ನಿನ ಸರಾಸರಿ ವೇಗ 1.3ರಲ್ಲಿ ಸೆಕೆಂಡಿಗೆ 17.6 ಮೀಟರ್, 1.6ರಲ್ಲಿ 21 ಮೀಟರ್. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಹೊರೆ ಇದಕ್ಕಿಂತಲೂ ಬೇಗ ಏರುತ್ತದೆ. ಮೂಲ ರಾಡುಗಳಲ್ಲೇ ಮೇಲಿನ ಆರ್‌ಪಿಎಂ ಹಿಂಡಬೇಕೆಂದಿರುವವರಿಗೆ 1.3 ಕ್ಷೇಮ. ನನ್ನ ಮತ ಅದಕ್ಕೇ.

ರೀಬೋರ್ ಮಾಡಿಸಿದರೆ, ಅಂದರೆ ಸಿಲಿಂಡರಿನ ಬೋರನ್ನು (ಒಳವ್ಯಾಸ) ಕೊರೆದು ಹಿಗ್ಗಿಸಿದರೆ, ಶಕ್ತಿ ಬರುತ್ತದೆ ಎಂದು ಹಲವರು ನಂಬಿದ್ದಾರೆ. 74 ಮಿ.ಮೀ. ಬೋರನ್ನು ಅರ್ಧ ಮಿ.ಮೀ. ಹಿಗ್ಗಿಸಿದರೆ ಸಿಗುವುದು ಸುಮಾರು 18 ಸಿಸಿ ಮಾತ್ರ. ಸವೆದ ಬೋರಿಗೆ ಅದು ಔಷಧಿ, ಅಷ್ಟೇ. ಆ ದುಡ್ಡನ್ನು ವಾಲ್ವ್‌ಗಳಿರುವ ಹೆಡ್ಡಿಗೂ ಅವನ್ನು ತೆರೆಯುವ ಕ್ಯಾಮಿಗೂ ಹಾಕಿ.

ಎಂಜಿನ್ ಎದುರಿಗಿದ್ದಾಗ ಮೊದಲು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಬದಿ ನೋಡಿ. ಬೆಣ್ಣೆ ಕಡೆಯುವ ಹೊತ್ತಿನ ಮಜ್ಜಿಗೆಯಂತೆ ಬಿಳಿ ಜಿಗುಟು ಮೆತ್ತಿದ್ದರೆ ಆಯಿಲಿಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ನೆರೆಯಲ್ಲಿ ಮುಳುಗಿದ ಗಾಡಿಯದ್ದೂ ಇರಬಹುದು. ಬಿಟ್ಟುಬಿಡಿ.

ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ. ಬ್ಯಾಟರಿ ಮತ್ತು ಗೇಜ್ ನೀವೇ ಒಯ್ಯಿರಿ. ಎಂಜಿನ್ ಓಡುವಂತಿದ್ದರೆ ಬಿಸಿ ಮಾಡಿಸಿ. ನಾಲ್ಕೂ ಪ್ಲಗ್ ಕಳಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಒಂದೊಂದೇ ಸಿಲಿಂಡರಿಗೆ ಗೇಜ್ ಕೂರಿಸಿ ಸ್ಟಾರ್ಟರ್ ತಿರುಗಿಸಿ. ಬಿಸಿ ಎಂಜಿನ್ನಿನಲ್ಲಿ 170 ಪಿಎಸ್‌ಐಗಿಂತ ಕೆಳಗೆ ಬಂದರೆ ನಾನು ಒಲ್ಲೆ. ನಾಲ್ಕರ ನಡುವಿನ ವ್ಯತ್ಯಾಸ 15ರೊಳಗಿರಲಿ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಅಲ್ಲೇ ನಿಂತರೆ ವಾಲ್ವ್ ಅಥವಾ ಗ್ಯಾಸ್ಕೆಟ್. ವಾಲ್ವ್ ಕೆಲಸಕ್ಕೆ ನಾನು ಹೆದರುವುದಿಲ್ಲ, ಹೆಡ್ ಹೇಗೂ ಬಿಚ್ಚಲೇಬೇಕಲ್ಲ. ಕೆಳಗಿನ ಅರ್ಧ ಗಟ್ಟಿಯಿರುವುದು ಮುಖ್ಯ.

ಬ್ಲಾಕಿನ ಮೇಲೆ ಕೆತ್ತಿದ ಎಂಜಿನ್ ನಂಬರ್ ಉಜ್ಜಿಹೋಗಿಲ್ಲವೆಂದು ನೋಡಿಕೊಳ್ಳಿ, ಬಿಲ್ಲಿನಲ್ಲಿ ಅದೇ ನಂಬರ್ ಬರೆಸಿಕೊಳ್ಳಿ. ಗಡಿಯ ಆಚೆಯಿಂದ ತರುವಾಗಲಂತೂ ಇದು ಬೇಕೇ ಬೇಕು.

ದುಡ್ಡಿನ ಲೆಕ್ಕದಲ್ಲಿ ನನ್ನದೊಂದು ಅಂದಾಜು: ಕೈಯಲ್ಲಿರುವ ಮೊತ್ತದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಎಂಜಿನ್ನಿಗೆ ಸುರಿಯಬೇಡಿ. ಕ್ಲಚ್, ರೇಡಿಯೇಟರ್, ಬ್ರೇಕ್, ಟಯರ್, ಕಾರು ಮಗುಚಿದರೆ ಚಾಲಕನನ್ನು ಕಾಯುವ ರೋಲ್ ಕೇಜ್ ಬಾಕಿಯಿವೆ.

ಕೊಂಡ ಎಂಜಿನ್ ಮಳೆಗಾಲದಲ್ಲಿ ಶೆಡ್ಡಿನಲ್ಲಿ ಕೂರುವುದಾದರೆ, ನಮ್ಮ ಕಡಲಗಾಳಿಗೆ ಬೋರಿನಲ್ಲಿ ತುಕ್ಕು ಹತ್ತಲು ಹೆಚ್ಚು ದಿನ ಬೇಡ. ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು ಪ್ಲಗ್ ಹಾಕಿ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿಗೆ ಬಟ್ಟೆ ತುರುಕಿ. ವಾರಕ್ಕೊಮ್ಮೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಎರಡು ಸುತ್ತು ತಿರುಗಿಸಿ, ಎಂಜಿನ್ ತಿರುಗುವ ದಿಕ್ಕಿಗೇ.