ಮೊದಲ ಕೀಮೋಗೆ ಮುಂಚೆ ಈ ಮಾತು ಕೇಳಿಬಿಡಿ

ನನ್ನ ತಂಗಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳಿಗೆ 28 ವರ್ಷ. ಫೈಲ್ ಹಿಡ್ಕೊಂಡು ಎಲ್ಲಾ ಕಡೆ ಓಡಾಡಿದೆವು, ಆದರೆ ಮುಂದೆ ಮಕ್ಕಳಾಗುತ್ತವಾ ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಕೀಮೋ ದಿನ ಗೊತ್ತಾದ ಮೇಲೆ ಅವಳೇ ಬಾಯಿಬಿಟ್ಟು ಕೇಳಿದಳು. ಕೇಳಿದ್ದಕ್ಕೇ ದಾರಿ ಸಿಕ್ಕಿತು.

ನೀವೂ ಕೇಳಿ. "ಡಾಕ್ಟ್ರೇ, ನನಗೆ ಮುಂದೆ ಮಗು ಬೇಕು. ಈ ಔಷಧಿಯಿಂದ ಅಂಡಾಶಯಕ್ಕೆ ಎಷ್ಟು ಪೆಟ್ಟು ಬೀಳುತ್ತೆ? ಕೀಮೋಗೆ ಎರಡು ವಾರ ಕಾಯಬಹುದಾ?" ಮದುವೆಯಾಗಿಲ್ಲ ಅಂತ ಸಂಕೋಚ ಬೇಡ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ ಅಂಡಾಶಯಕ್ಕೆ ಜಾಸ್ತಿ ಹಾನಿ ಮಾಡುತ್ತದೆ, ಹಾಗಾಗಿ ಚಿಕಿತ್ಸೆ ಮುಗಿಯಲಿ ಆಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡಿ. ಅವತ್ತೇ ಐವಿಎಫ್ ಡಾಕ್ಟರಿಗೆ ಚೀಟಿ ಬರೆಸಿಕೊಳ್ಳಿ.

ಹೆಚ್ಚಾಗಿ ಮಾಡುವುದು ಅಂಡಾಣು ತೆಗೆದು ಫ್ರೀಜ್ ಮಾಡಿಡುವುದು. ಮುಟ್ಟಾಗುವವರೆಗೆ ಕಾಯಬೇಕಿಲ್ಲ, ಯಾವ ದಿನ ಬೇಕಾದರೂ ಶುರು ಮಾಡಬಹುದು. ಅಂಡಾಣು ಬೆಳೆಯಲಿ ಅಂತ ಸುಮಾರು 10–12 ದಿನ ಹೊಟ್ಟೆಗೆ ಸಣ್ಣ ಸೂಜಿ. ನಮ್ಮ ಮನೆ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕದಲ್ಲೇ ಆ ಸೂಜಿ ಔಷಧಿಯ ಡಬ್ಬ ಇರುತ್ತಿತ್ತು, ಸಂಜೆ ಏಳಕ್ಕೆ ಅಮ್ಮ ಟಿವಿ ಆಫ್ ಮಾಡುತ್ತಿದ್ದರು, ತಂಗಿ ಹೊಕ್ಕುಳಿನ ಪಕ್ಕ ಚರ್ಮ ಹಿಡಿದು ತಾನೇ ಚುಚ್ಚಿಕೊಳ್ಳುತ್ತಿದ್ದಳು. ಸ್ತನ ಕ್ಯಾನ್ಸರ್ ಇದ್ದರೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಏರದ ಹಾಗೆ ಜೊತೆಗೆ ಲೆಟ್ರೊಜೋಲ್ ಮಾತ್ರೆ ಕೊಡುತ್ತಾರೆ. ಕೊನೆಯ ಸೂಜಿಯನ್ನು ಮಾತ್ರ ಡಾಕ್ಟರ್ ಹೇಳಿದ ಗಂಟೆಗೇ ತಗೊಳ್ಳಿ, ಯಾಕೆಂದರೆ ಅಲ್ಲಿಂದ ಸುಮಾರು 36 ಗಂಟೆಗೆ ಲೆಕ್ಕ ಹಾಕಿ ಮಂಪರು ಬರಿಸಿ ಅಂಡಾಣು ತೆಗೆಯುತ್ತಾರೆ. ಆಮೇಲೆ ಅವು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರುತ್ತವೆ.

ಮದುವೆಯಾದವರು ಅಂಡಾಣುವಿಗೆ ಗಂಡನ ವೀರ್ಯ ಸೇರಿಸಿ ಭ್ರೂಣವನ್ನೂ ಫ್ರೀಜ್ ಮಾಡಿ ಇಡಬಹುದು. ಎರಡು ವಾರವೂ ಇಲ್ಲದಿದ್ದರೆ, ಅಥವಾ ಇನ್ನೂ ಮೈನೆರೆಯದ ಹುಡುಗಿಯಾದರೆ, ಅಂಡಾಶಯದ ಚೂರು ತೆಗೆದು ಇಡುತ್ತಾರೆ. ರಕ್ತದ ಕ್ಯಾನ್ಸರ್‌ನಲ್ಲಿ ಆ ಚೂರಿನೊಳಗೇ ಕ್ಯಾನ್ಸರ್ ಕಣ ಉಳಿದಿರುವ ಭಯ ಇರುತ್ತದೆ, ಅದನ್ನು ಬಿಡಿಸಿ ಕೇಳಿ. ಕಿಬ್ಬೊಟ್ಟೆಗೆ ರೇಡಿಯೇಷನ್ ಇದ್ದರೆ ಅಂಡಾಶಯವನ್ನು ಸ್ವಲ್ಪ ಮೇಲಕ್ಕೆ ಸರಿಸಬಹುದಾ ಅಂತಲೂ ಕೇಳಿ. ಕೀಮೋ ಜೊತೆ ತಿಂಗಳಿಗೊಮ್ಮೆ ಕೊಡುವ, ಅಂಡಾಶಯವನ್ನು ಮಲಗಿಸುವ ಇಂಜೆಕ್ಷನ್ ಒಂದಿದೆ. ಒಳ್ಳೆಯದೇ, ಆದರೆ ಅದನ್ನೊಂದೇ ನಂಬಿ ಫ್ರೀಜ್ ಮಾಡುವುದನ್ನು ಬಿಡಬೇಡಿ.

ಖರ್ಚನ್ನು ಬಿಡಿಬಿಡಿಯಾಗಿ ಕೇಳಿ: ಔಷಧಿಗೆಷ್ಟು, ತೆಗೆಯುವುದಕ್ಕೆಷ್ಟು, ಇಡುವ ಬಾಡಿಗೆ ವರ್ಷಕ್ಕೆಷ್ಟು. ಐವಿಎಫ್‌ನಂಥ ಚಿಕಿತ್ಸೆಗಳ ಬಗ್ಗೆ ಇರುವ 2021ರ ಕಾಯ್ದೆ ಪ್ರಕಾರ 10 ವರ್ಷ ಇಡಬಹುದು. ಸಹಿ ಹಾಕಿದ ಕಾಗದದ ನಕಲು ಇಟ್ಟುಕೊಳ್ಳಿ.

ಕೀಮೋದಲ್ಲಿ ಮುಟ್ಟು ನಿಂತರೂ ಬಸಿರಾಗಬಹುದು, ಆಗ ಮಗುವಿಗೆ ಅಪಾಯ, ಕಾಂಡೋಮ್ ಬಳಸಿ. ತಂಗಿ ಈಗ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಟಮಾಕ್ಸಿಫೆನ್ ಮಾತ್ರೆ ತಗೊಳ್ಳುತ್ತಿದ್ದಾಳೆ. ಮಗುವಿಗಾಗಿ ಅದನ್ನು ಯಾವಾಗ ನಿಲ್ಲಿಸಬಹುದು ಅಂತ ಡಾಕ್ಟರ್ ಹತ್ತಿರ ಈಗಲೇ ಮಾತಾಡಿದ್ದಾಳೆ. ಬಾಡಿಗೆ ಕಟ್ಟುವ ದಿನಕ್ಕೆ ಅವಳ ಫೋನಿನಲ್ಲೂ ರಿಮೈಂಡರ್ ಇದೆ, ನನ್ನದರಲ್ಲೂ ಇದೆ.