ಹಳೆಯ ಡ್ರಮ್ ಸೆಟ್ಟೋ ಹೊಸದೋ: ಕರಾವಳಿಯಲ್ಲಿ ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಗೋವಾದಲ್ಲಿ ಯಾರೋ ಅಮೆರಿಕದ ಲುಡ್ವಿಗ್ ಕಂಪನಿಯ 1960ರ ದಶಕದ ಡ್ರಮ್ ಸೆಟ್ ಮಾರುತ್ತಿದ್ದಾರೆ ಎಂಬ ಸುದ್ದಿ ಕಾರವಾರಕ್ಕೆ ಬಂದಾಗ, ಅಷ್ಟೇ ಹಣಕ್ಕೆ ಜಪಾನಿ ಕಂಪನಿಗಳಾದ ಯಮಹಾ ಅಥವಾ ಟಾಮಾದ ಹೊಸ ಸೆಟ್ ಸಿಗುವುದಾದರೆ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ತಯಾರಾದ ವರ್ಷವನ್ನು ನೋಡಿ ಉತ್ತರಿಸಲಾಗದು. ಮೇಲ್ದರ್ಜೆಯ ಹೊಸ ಸೆಟ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಗುಣಮಟ್ಟದ ಏರುಪೇರು ಕಡಿಮೆ. ಹಳೆಯವುಗಳಲ್ಲಾದರೋ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಸೆಟ್‌ಗಳೂ ಅಜಗಜಾಂತರವಾಗಿರಬಹುದು. ಆದ್ದರಿಂದ ಎದುರಿಗಿರುವ ವಾದ್ಯವನ್ನು ಬಿಚ್ಚಿ ನೋಡಿಯೇ ತೀರ್ಮಾನಿಸಬೇಕು.

ಮೊದಲು ಹೆಡ್‌ಗಳ, ಅಂದರೆ ಡ್ರಮ್ಮಿನ ಬಾಯಿಗೆ ಬಿಗಿದ ಪೊರೆಗಳ, ಭೇದವನ್ನು ನಿವಾರಿಸಿಕೊಳ್ಳಬೇಕು. ಹಳೆಯ ಸೆಟ್ಟಿನ ನಾದ ಮಂಕಾಗಿದೆ ಎಂಬ ದೂರಿಗೆ ಎಷ್ಟೋ ಸಲ ವರ್ಷಗಟ್ಟಲೆ ಬದಲಾಯಿಸದ ಹೆಡ್‌ಗಳೇ ಕಾರಣ. ಎರಡೂ ಸೆಟ್‌ಗಳ 12 ಇಂಚಿನ ಟಾಮ್‌ಗಳಿಗೆ (ಸೆಟ್ಟಿನ ನಡುಗಾತ್ರದ ಡ್ರಮ್‌ಗಳಿಗೆ) ಒಂದೇ ಬಗೆಯ ಹೊಸ ಹೆಡ್‌ಗಳನ್ನು ಮೇಲೂ ಕೆಳಗೂ ಹಾಕಿ, ಒಂದೇ ಶ್ರುತಿಗೆ ತಂದು, ಒಂದೇ ಕೋಣೆಯಲ್ಲಿ ಮತ್ತೊಬ್ಬರಿಂದ ನುಡಿಸಿ, ತಾವು ಬೆನ್ನು ತಿರುಗಿಸಿ ದೂರದಲ್ಲಿ ನಿಂತು ಕೇಳುವುದು ಉತ್ತಮ. ಹೆಸರಾಂತ ಕಂಪನಿಯ ಬಿಲ್ಲೆ ಕಣ್ಣಿಗೆ ಬಿದ್ದ ಮೇಲೆ ಕಿವಿ ನಿಷ್ಪಕ್ಷಪಾತವಾಗಿ ಉಳಿಯುವುದು ಕಷ್ಟ.

ಆಮೇಲೆ ಹೆಡ್‌ಗಳನ್ನೂ ಅವನ್ನು ಒತ್ತಿ ಹಿಡಿಯುವ ಬಳೆಗಳಾದ ಹೂಪ್‌ಗಳನ್ನೂ ತೆಗೆದು ಬರಿಯ ಶೆಲ್ಲನ್ನು (ಡ್ರಮ್ಮಿನ ಮರದ ಒಡಲನ್ನು) ಅಡುಗೆಮನೆಯ ಗ್ರಾನೈಟ್ ಕಟ್ಟೆಯಂಥ ಸಮತಟ್ಟಾದ ಕಲ್ಲಿನ ಮೇಲೆ ಮಗುಚಿ ಇಡಬೇಕು. ಕೋಣೆಯ ದೀಪ ಆರಿಸಿ, ಶೆಲ್ಲಿನ ಒಳಗೆ ಟಾರ್ಚ್ ಹಿಡಿದು, ಅಂಚಿನ ಮಟ್ಟಕ್ಕೆ ಕಣ್ಣಿಟ್ಟು ಸುತ್ತಲೂ ನೋಡಿದರೆ, ಅಂಚು ತಗ್ಗಿರುವಲ್ಲಿ ಬೆಳಕಿನ ಗೆರೆ ಹೊರಗೆ ಕಾಣುತ್ತದೆ. ಕೂದಲೆಳೆಯಷ್ಟು ಬೆಳಕಿಗೆ ಹೆದರಬೇಕಿಲ್ಲ. ಕಾಗದದ ಚೂರು ಸರಾಗವಾಗಿ ತೂರುವಷ್ಟು ಸಂದಿದ್ದರೆ ಆ ಡ್ರಮ್ಮನ್ನು ಎಷ್ಟು ತಿರುಚಿದರೂ ಶ್ರುತಿ ಕೂಡಿ ಬರುವುದಿಲ್ಲ. ಎರಡನೆಯದಾಗಿ ವ್ಯಾಸವನ್ನು ಮೂರು ನಾಲ್ಕು ದಿಕ್ಕುಗಳಲ್ಲಿ ಅಳೆದು ಶೆಲ್ ದುಂಡಗಿದೆಯೇ ಎಂದು ನೋಡಬೇಕು. ಮಳೆಗಾಲದ ತೇವ, ಬೇಸಿಗೆಯ ಸೆಕೆ ಎರಡನ್ನೂ ಹಲವು ವರ್ಷ ಉಂಡ ಮರ ಪದರ ಬಿಡುವುದುಂಟು. ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾ ಹೋದರೆ ಅಂಟು ಬಿಟ್ಟಲ್ಲಿ ಸದ್ದು ಬದಲಾಗುತ್ತದೆ. 1960ರ ದಶಕದ ಕೆಲವು ಅಮೆರಿಕನ್ ಶೆಲ್‌ಗಳ ವ್ಯಾಸ ಇಂದಿನ ಅಳತೆಗಿಂತ ತುಸು ಹೆಚ್ಚಿರುವುದರಿಂದ, ಹೊಸ ಹೆಡ್ ಬಿಗಿಯಾಗದೆ ಸಲೀಸಾಗಿ ಕೂರುತ್ತದೆಯೇ ಎಂಬುದನ್ನು ಮಾರುವವರ ಎದುರಿಗೇ ನೋಡಿಕೊಳ್ಳಬೇಕು.

ನಾದದ ಭೇದಕ್ಕೆ ರಚನೆಯಲ್ಲಿ ಸ್ಪಷ್ಟ ಕಾರಣಗಳಿವೆ. ಆ ಕಾಲದ ಲುಡ್ವಿಗ್‌ನದು ಮೂರು ಪದರಗಳ ತೆಳು ಶೆಲ್. ಅಂಚನ್ನು ಬಲಪಡಿಸಲು ಒಳಗೆ ಮರದ ಬಳೆ ಇರುತ್ತದೆ, ಅಂಚೂ ದುಂಡಗಾಗಿರುತ್ತದೆ. ಹೆಡ್ ಅಗಲವಾಗಿ ಮರವನ್ನು ತಾಗುವುದರಿಂದ ನಾದ ಮೆದುವಾಗಿ ಹುಟ್ಟಿ ಬೇಗ ಅಡಗುತ್ತದೆ. ಇಂದಿನ ಹೆಚ್ಚಿನ ಸೆಟ್‌ಗಳಲ್ಲಿ ಅಂಚನ್ನು 45 ಡಿಗ್ರಿಯಲ್ಲಿ ಚೂಪಾಗಿ ಕತ್ತರಿಸಿರುತ್ತಾರೆ. ಪೆಟ್ಟು ಸ್ಪಷ್ಟ, ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಹಳೆಯದೆಲ್ಲ ತೆಳುವೆಂದಲ್ಲ: ಜರ್ಮನಿಯ ಸೋನಾರ್ ಕಂಪನಿಯ 1980ರ ದಶಕದ ಸಿಗ್ನೇಚರ್ ಶೆಲ್‌ಗಳು ದಪ್ಪ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಬರ್ಚ್ ಮರದ ಯಮಹಾ ರೆಕಾರ್ಡಿಂಗ್ ಕಸ್ಟಮ್ ಮೊದಲು ಜಪಾನಿನಲ್ಲಿ ತಯಾರಾಗುತ್ತಿತ್ತು; 2016ರಲ್ಲಿ ಮರಳಿ ಬಂದದ್ದು ಚೀನಾದಲ್ಲಿ ತಯಾರಾದ ಪರಿಷ್ಕೃತ ರೂಪ. ತಯಾರಾದ ದೇಶದ ಹೆಸರು ಕೇಳಿಯೇ ಹೊಸದನ್ನು ಕೀಳೆಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ದುಡುಕು.

ನಮ್ಮ ಕಡಲ ತೀರದಲ್ಲಿ ಮರಕ್ಕಿಂತ ಮೊದಲು ಕೆಡುವುದು ಲೋಹ. ಉಪ್ಪುಗಾಳಿ ಕ್ರೋಮಿಯಂ ಲೇಪದಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಹೂಪಿನ ಮೇಲಿನ ಕಲೆ ಅಷ್ಟು ಮುಖ್ಯವಲ್ಲ. ಬಿಗಿಯುವ ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಹೊರತೆಗೆದು ಎಳೆ ಸವೆದಿದೆಯೇ, ಬೆರಳಿನಲ್ಲೇ ತಿರುಗುತ್ತದೆಯೇ ಎಂದು ನೋಡುವುದು ಮುಖ್ಯ. ಹಳೆಯ ಸೋನಾರ್‌ಗಳ ಬೋಲ್ಟಿಗೆ ಸೀಳು ತಲೆ ಇರುವುದರಿಂದ ಬೋಲ್ಟ್ ತಿರುಗಿಸುವ ಸಾಮಾನ್ಯ ಡ್ರಮ್ ಕೀ ಹಿಡಿಯುವುದಿಲ್ಲ, ಸ್ಕ್ರೂಡ್ರೈವರ್ ಒಯ್ದಿರಬೇಕು. ಬೋಲ್ಟ್ ಕೂರಲು ಶೆಲ್ಲಿಗೆ ಜೋಡಿಸಿದ ಲೋಹದ ಭಾಗವೇ ಲಗ್. ಅನೇಕ ಹಳೆಯ ಲಗ್‌ಗಳ ಒಳಗೆ ಸ್ಪ್ರಿಂಗ್ ಇರುತ್ತದೆ; ಪೆಟ್ಟಿನ ಹಿಂದೆಯೇ ಕೇಳಿಸುವ ಝೇಂಕಾರ ಅದರದಾಗಿದ್ದರೆ ತುಸು ಹತ್ತಿ ತುರುಕಿದರೆ ಸಾಕು, ಬೆಲೆ ಇಳಿಸಲು ಅದು ಕಾರಣವಾಗದು.

ಸ್ಟ್ಯಾಂಡ್, ಪೆಡಲ್‌ಗಳ ವಿಷಯದಲ್ಲಿ ಹೊಸದೇ ಮೇಲು, ಚರ್ಚೆ ಬೇಡ. ಶೆಲ್ಲಿಗೆ ದೊಡ್ಡ ತೂತು ಕೊರೆಯದೆ ಟಾಮನ್ನು ತೂಗುಹಾಕುವ ವ್ಯವಸ್ಥೆಯೂ ಈಗಿನ ಸೆಟ್‌ಗಳಲ್ಲಿ ಸಾಮಾನ್ಯವಾಗಿದೆ. ಹೊಸ ಸ್ಟ್ಯಾಂಡ್‌ಗಳ ಭಾರ ಮಾತ್ರ ಹೆಚ್ಚು: ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟೆಯ ಕಾರ್ಯಕ್ರಮಕ್ಕೆ ಸಾಮಾನು ಹೊರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಳೆಯ ಸೆಟ್ಟಿಗೆ ಹೊಸದಾಗಿ ಕೊರೆದ ತೂತು, ಬದಲಾದ ಹೊದಿಕೆ, ಮರುಕತ್ತರಿಸಿದ ಅಂಚು ಇದ್ದರೆ ಸಂಗ್ರಾಹಕರು ಮುಖ ತಿರುಗಿಸುತ್ತಾರೆ. ನುಡಿಸುವ ಉದ್ದೇಶದಿಂದ ಕೊಳ್ಳುವವರಿಗೆ ಅದೇ ಲಾಭ: ಕೆಲಸ ಅಚ್ಚುಕಟ್ಟಾಗಿ ನಡೆದಿದ್ದರೆ ನಾದಕ್ಕೆ ಕೊರತೆಯಿಲ್ಲ, ಚೌಕಾಸಿಗೆ ಮಾತ್ರ ಜಾಗ ಸಿಗುತ್ತದೆ. ಮುಂಗಡ ಕೊಡುವ ಮೊದಲು ಸಂಜೆ ಶ್ರುತಿ ಮಾಡಿದ ಟಾಮನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟು, ಮರುದಿನ ಬೆಳಿಗ್ಗೆ ಪ್ರತಿ ಬೋಲ್ಟಿನ ಪಕ್ಕದಲ್ಲೂ ಮೆಲ್ಲಗೆ ತಟ್ಟಿ ನೋಡಲು ಮಾರುವವರನ್ನು ಒಪ್ಪಿಸಬೇಕು. ಒಂದೇ ಮೂಲೆಯಲ್ಲಿ ಶ್ರುತಿ ಇಳಿದಿದ್ದರೆ ಆ ಲಗ್ಗನ್ನು ಮತ್ತೆ ಬಿಚ್ಚಿ ನೋಡಬೇಕು.